ದೊಡ್ಡ ಹಿತ್ತಿಲು

ಹನ್ನೊಂದು ವರ್ಷ ಈ ಊರನ್ನು ಕನ್ನಡಕ್ಕೆ ತಂದಿದ್ದೇನೆ,
ಒಮ್ಮೆಯೂ ಕಾಲಿಡದೆ.
ಕಡವಿನ ಟೆಂಡರು, ಕಡಲ್ಕೊರೆತದ ಪರಿಹಾರ,
ಜೂನ್ ಬಂತೆಂದರೆ ಅದೇ ಪ್ರಕಟಣೆ:
ದ್ವೀಪವಾಸಿಗಳು ಜಾಗರೂಕರಾಗಿರತಕ್ಕದ್ದು.
ಮೊದಲ ವರ್ಷ ವಲಿಯಪರಂಬವನ್ನು
ದೊಡ್ಡ ಹಿತ್ತಿಲು ಎಂದು ಬರೆದು ಬೈಸಿಕೊಂಡಿದ್ದೆ.
ಊರ ಹೆಸರಿಗೆ ಅನುವಾದವಿಲ್ಲ ಮೇಡಂ,
ಕೆಂಪು ಶಾಯಿಯಲ್ಲಿ ಸೆಕ್ಷನ್ ಆಫೀಸರು.

ಈ ಎರಡನೇ ಶನಿವಾರ
ಗ್ಲಾಡಿಸ್ಸಳ ಹಳೇ ಆಲ್ಟೊ ಕೇಳಿ ತಂದೆ.
ಒಬ್ಬಳೇಯಾ? ಅಂದಳು. ಒಬ್ಬಳೇ.
ಕ್ಲಚ್ ಸ್ವಲ್ಪ ಮೇಲೆ ಹಿಡಿಯುತ್ತದೆ ಮಾರಾಯ್ತಿ, ಅಷ್ಟೇ.
ಚಂದ್ರಗಿರಿ ದಾಟುವವರೆಗೆ
ಬೋರ್ಡುಗಳ ಮೂಲೆಯಲ್ಲಿ ಅಲ್ಲೊಂದು ಇಲ್ಲೊಂದು ನಮ್ಮ ಅಕ್ಷರ.
ಆಚೆ, ಹೊಸದುರ್ಗವೆಂದು ನಾನು ಬರೆಯುವ ಕಾಞಂಗಾಡಿನಲ್ಲಿ
ಒಂದು ಬಟ್ಟೆಯಂಗಡಿ,
ನೀಲೇಶ್ವರದಲ್ಲಿ ಯಾವುದೋ ಲಾರಿಯ ಬೆನ್ನು,
ಆಮೇಲೆ ಇಲ್ಲ.
ಬೇಸರವೇನಾಗಲಿಲ್ಲ. ಕಣ್ಣೆಲ್ಲ
ಪೆಟ್ರೋಲಿನ ಮುಳ್ಳಿನ ಮೇಲಿತ್ತು.

ಸೇತುವೆ ಏರಿ ಇಳಿದರೆ ಬಂತು.
ಒಂದು ಸುತ್ತು ಹಾಕಿ ಬರುತ್ತೇನೆಂದು ಹೊರಟವಳು;
ಇಲ್ಲಿ ಸುತ್ತುವಷ್ಟು ಅಗಲವೇ ಇಲ್ಲ.
ಒಂದೇ ರಸ್ತೆ, ಬಿಗಿದು ಕಟ್ಟಿದ ಅರಿವೆಹಗ್ಗದ ಹಾಗೆ,
ಬಲಗಿಟಕಿಯಲ್ಲಿ ಕಡಲು
ಎಡಗಿಟಕಿಯಲ್ಲಿ ಹಿನ್ನೀರು
ನಡುವೆ ನಾನು, ಎರಡನೇ ಗೇರಿನಲ್ಲಿ.

ಎರಡು ಮೈಲಿ ಹೋಗಿದ್ದೆನೋ ಇಲ್ಲವೋ
ರಸ್ತೆಯುದ್ದ ಬಲೆ ಹಾಸಿ ಆರು ಜನ ಹೊಲಿಯುತ್ತಿದ್ದರು.
ಹಾರ್ನ್ ಮಾಡಲು ಕೈ ಬರಲಿಲ್ಲ.
ಅವರಲ್ಲೊಬ್ಬ, ಸೂಜಿ ಹಲ್ಲಲ್ಲಿ ಕಚ್ಚಿಕೊಂಡೇ,
ಮಸೀದಿಯ ಗೋಡೆಯ ನೆರಳು ತೋರಿಸಿದ:
ಅಲ್ಲಿ ನಿಲ್ಲಿಸು. ಈಗ ಬಸ್ಸು ಬರುತ್ತದೆ,
ಬಸ್ಸಿಗೆ ಹೇಗೂ ಬಲೆ ಮಡಚಬೇಕು.
ಬಂತು. ಮಡಚಿದರು. ಹತ್ತಿದೆ.
ಬಸ್ಸಿನ ಹಿಂದೆಯೇ ಕಾರು ಬಿಡಬಹುದಿತ್ತಲ್ಲ ಎಂದು ಹೊಳೆದದ್ದು
ಟಿಕೇಟು ಹರಿದ ಮೇಲೆ.

ಎಲ್ಲಿಗೆ?
ಕೊನೆಗೆ.
ಯಾವ ಕೊನೆ? ಬಸ್ಸಿನದೋ ನೆಲದ್ದೋ?
ಕಂಡಕ್ಟರಿಗೆ ನಿಜಕ್ಕೂ ತಿಳಿಯಬೇಕಿತ್ತು.
ಪಕ್ಕದ ಹುಡುಗಿಯ ಚೀಲದಿಂದ ಒಂದು ಬಾತುಕೋಳಿ
ನನ್ನನ್ನು ಒಂದೇ ಕಣ್ಣಲ್ಲಿ ನೋಡಿತು,
ಮತ್ತೆ ಕತ್ತು ತಿರುಗಿಸಿ ಇನ್ನೊಂದರಲ್ಲಿ.

ಬಸ್ಸು ಹಿಂದೆ ತಿರುಗುವಲ್ಲಿ ಮರಳು ಶುರು.
ಚಪ್ಪಲಿ ಕೈಗೆ ಬಂತು.
ಹಿನ್ನೀರ ದಡದಲ್ಲಿ ಕುಕ್ಕರಗಾಲಲ್ಲಿ ಕೂತು
ಚಿರುತ ಎಂಬ ಮುದುಕಿ
ಹಗ್ಗ ಕಚ್ಚಿದ ಪಚ್ಚಿಲೆಗಳನ್ನು ಬಿಡಿಸುತ್ತಿದ್ದಳು.
ಎಲ್ಲಿಂದ? ಕಾಸರಗೋಡು.
ಓ, ವಡಕ್ಕ್! ಅವಳ ಗಲ್ಲ ಬಡಗಲಿಗೆ ತಿರುಗಿತು,
ಹಡಗು ಹತ್ತಿ ಬಂದವಳು ನಾನು ಎಂಬಂತೆ.
ಇದೇ ಜಿಲ್ಲೆ ಅಲ್ಲವಾ ಅಂದರೆ ನಕ್ಕಳು.
ನಿಮ್ಮಲ್ಲಿ ಇದಕ್ಕೇನು ಹೆಸರು?
ಪಚ್ಚಿಲೆ.
ಪಚ್ಚಿಲ? ಹಸಿರೆಲೆಯಾ?
ಎಲೆಯಲ್ಲ, ಅದು ಬೇರೆ ಶಬ್ದ, ಎನ್ನಹೊರಟವಳು
ಚಿಪ್ಪಿನ ಅಂಚಿಗೆ ಸುತ್ತಿದ ಹಸಿರು ನೋಡಿ
ಬಾಯಿ ಮುಚ್ಚಿದೆ.

ಈ ದ್ವೀಪದಲ್ಲೇ ಹುಟ್ಟಿದ್ದಾ ನೀವು?
ದ್ವೀಪವೋ! ಅವಳ ಕತ್ತಿ ನಿಂತಿತು.
ದ್ವೀಪವೆಂದರೆ ಲಕ್ಷದ್ವೀಪ, ಅಳಿಯ ಅಲ್ಲಿದ್ದಾನೆ.
ಇದು ಪರಂಬು. ತೆಂಗು ನೆಟ್ಟದ್ದು,
ಕೋಳಿ ಕೆದಕುವುದು, ಮಕ್ಕಳು ಉಚ್ಚೆ ಹೊಯ್ಯುವುದು.

ಅಳಿವೆಯವರೆಗೆ ನಡೆದೆ.
ಅಲ್ಲಿ ನೆಲ ಮುಗಿದದ್ದು ಗೊತ್ತೇ ಆಗುವುದಿಲ್ಲ,
ಪಾದ ತಣ್ಣಗಾಗುತ್ತದೆ,
ಎರಡು ನೀರೂ ಒಂದರ ಮಾತು ಒಂದು ಕಡಿಯುತ್ತ
ನುಗ್ಗುತ್ತಿರುತ್ತವೆ.
ಎಷ್ಟು ಹೊತ್ತು ನಿಂತೆನೋ.
ಹಿಂದಿರುಗುವಾಗ ಬಸ್ಸು ತಪ್ಪಿತು,
ಕಡಲಬದಿಯಲ್ಲೇ ಬಂದೆ, ಎಂಟು ಮೈಲಿಯಿದ್ದೀತು,
ಹಿಮ್ಮಡಿಯಲ್ಲಿ ಎರಡು ಗುಳ್ಳೆ.

ಕಾರಿನ ಬಾನೆಟ್ಟಿನ ಮೇಲೆ ಯಾರದೋ ಲುಂಗಿ ಒಣಗುತ್ತಿತ್ತು.
ಮಡಚಿ ಮಸೀದಿಯ ಗೋಡೆಗೆ ಹಾಕಿದೆ.

ಚಿರುತ ಕೊಟ್ಟ ಒಂದು ಚೀಲ ಪಚ್ಚಿಲೆ
ಹಿಂದಿನ ಸೀಟಿನಲ್ಲಿ ನೀರಿಳಿಸುತ್ತಿತ್ತು.
ತಿನ್ನುವವಳಲ್ಲ ನಾನು. ಅದನ್ನು ಹೇಳಲು
ಹನ್ನೊಂದು ವರ್ಷದ ಮಲಯಾಳ ಸಾಲಲಿಲ್ಲ, ಅಥವಾ
ನಾನೇ ಸಾಲದೆ ಹೋದೆ.
ಗ್ಲಾಡಿಸ್ಸಳಿಗಾಯಿತು, ಕಾರಿನ ಬಾಡಿಗೆಯ ಲೆಕ್ಕಕ್ಕೆ.

ಚಂದ್ರಗಿರಿಯ ಮೇಲೆ ಕತ್ತಲು.
ಕ್ಲಚ್ ಮೇಲೆಯೇ ಹಿಡಿಯುತ್ತಿದೆ.
ಹಿಂದಿನಿಂದ ಆಗಾಗ, ಚಿಪ್ಪೊಂದು ತುಸು ತೆರೆದು
ಮತ್ತೆ ಮುಚ್ಚಿಕೊಳ್ಳುವ
ಟಿಕ್.