ಬೀಳುವ ರೆಕ್ಕೆಗೆ

ಪುತ್ತರಿ ಕಳೆದು ಮೂರನೇ ಭಾನುವಾರ.
ಮೂರ್ನಾಡಿನ ಗದ್ದೆಯಲ್ಲಿ ಕೂಳೆ ಇನ್ನೂ ಒದ್ದೆ.
ಎರಡು ತೋರುಬೆರಳ ತುದಿಯಲ್ಲಿ ವಿಮಾನ ಎತ್ತಿದೆ,
ಬಾಲ ಜಗ್ಗಿತು.
ಬ್ಯಾಟರಿಯನ್ನು ಬೆರಳಗಲ ಮುಂದೆ ತಳ್ಳಿ ಮತ್ತೆ ಎತ್ತಿದೆ.
ಮೂಗು ತುಸು ಬಾಗಿಸಿ
ಹೂಂ ಅಂದಿತು.

ಬದುವಿನ ಮೇಲೆ ವಾಚ್ ರಿಪೇರಿ ಮೊಯ್ದುಕ್ಕ.
ಕಣ್ಣಿಗೆ ಪೊರೆ ಬಂದ ಮೇಲೆ ಬರೀ ಕೇಳುತ್ತಾರೆ.

ಎಸೆದೆ. ಏರಿತು.
ಸಿಲ್ವರ್ ಓಕ್ ಸಾಲಿನಾಚೆ ಸುತ್ತು ಹಾಕಿ
ನನ್ನತ್ತ ಮುಖ ಮಾಡಿದ್ದೇ ತಡ
ಎಡ ಬಲವಾಯಿತು, ಬಲ ಎಡ,
ಕನ್ನಡಿ ನೋಡಿ ಕ್ಷೌರ ಮಾಡಿಕೊಂಡ ಹಾಗೆ.
ಹೆಬ್ಬೆರಳು ಹೆಪ್ಪುಗಟ್ಟಿತು.

"ಲೆಕ್ಕ ಹಾಕ್ಬೇಡ ಮಾರಾಯ,
ಯಾವ ರೆಕ್ಕೆ ಬೀಳ್ತದೋ ಆ ಕಡೆಗೇ ಕಡ್ಡಿ ತಳ್ಳು,
ಬಾಳೆಗೊನೆಗೆ ಊರುಗೋಲು ಕೊಟ್ಟ ಹಾಗೆ."

ಕೊಟ್ಟೆ.
ರೆಕ್ಕೆ ಎದ್ದಿತು, ಬಿಸಿಲು ಅದರ ಹೊಟ್ಟೆ ಸವರಿತು,
ಗದ್ದೆಯ ಕೊಕ್ಕರೆಗಳು ಕತ್ತು ಉದ್ದ ಮಾಡಿದವು.

ಇಳಿಯುವಾಗ ಮಾತ್ರ ಕೂಳೆಗೆ ಮೂಗು ತಗುಲಿ
ಟಪ್.

"ಪ್ರೊಪೆಲ್ಲರು," ಅಂದರು ಮೊಯ್ದುಕ್ಕ,
"ಒಂದೇ ಎಲೆ. ಮೋಟಾರಿಗೆ ಏನೂ ಆಗಿಲ್ಲ."
ಓಡಿ ಹೋಗಿ ನೋಡಿದೆ: ಒಂದೇ ಎಲೆ.

ಕೆಸರು ಒರೆಸದೆ ಅವರ ಮಡಿಲಲ್ಲಿಟ್ಟೆ.
ಮುಳ್ಳು ಕೂರಿಸುವ ಆ ಬೆರಳುಗಳು
ರೆಕ್ಕೆಯಡಿ ಹೋಗಿ
ತೂಕದ ಜಾಗ ಹುಡುಕಿ
ನಿಂತವು.