ಕೊಸರು

ಮೂರು ದಿನ ಬಂದ ಆ ಮನುಷ್ಯ ನಮ್ಮಂಗಡಿಗೆ,
ದಿನಕ್ಕೊಂದೇ ಗುಂಡಿ ಕೊಳ್ಳಲು.
ಮೊದಲ ದಿನ ಕೊಂಬಿನದು, ಮರುದಿನ ಚಿಪ್ಪಿನದು,
ಮೂರನೆಯ ದಿನ ಯಾವುದಾದರೂ ಸರಿ ಎಂದ.
ಗುಂಡಿ ನೋಡುತ್ತಿರಲಿಲ್ಲ ಅವನು,
ನೋಡುತ್ತಿದ್ದದ್ದು ಝೆಲ್ಮನ್ ಮಾವನ ಹೆಬ್ಬೆರಳು.

ಬಟ್ಟೆ ಅಳೆಯುವಾಗ ಮಾವ
ಮೀಟರುಕೋಲಿನ ತುದಿ ಮುಟ್ಟಿದ ಮೇಲೂ
ನಾಲ್ಕು ಬೆರಳು ಮುಂದೆ ಜಾರಿಸಿ ಕತ್ತರಿ ಇಡುತ್ತಿದ್ದ.
ಲೋದ್ಜ್‌ನಿಂದ ಪ್ಯಾರಿಸಿಗೆ
ಸುಂಕ ಕಟ್ಟದೆ ದಾಟಿಸಿಕೊಂಡು ಬಂದದ್ದು ಆ ಕೊಸರೊಂದೇ
ಎಂದು ಬ್ರೈಂಡ್ಲತ್ತೆ ಗೊಣಗುವಳು,
ಶುಕ್ರವಾರ ಸಂಜೆ ದೀಪ ಹಚ್ಚುವ ಮುಂಚೆ
ಲೆಕ್ಕ ಕೂಡದೆ, ಪೆನ್ಸಿಲು ಕಚ್ಚುತ್ತ.

ವಸಂತಕ್ಕೆ ಬಂತು ಮಾತಾಡುವ ಸಿನಿಮಾ.
ಶನಿವಾರ, ಆಕಾಶದಲ್ಲಿ ಮೂರು ನಕ್ಷತ್ರ ಎಣಿಸಿದ ಮೇಲೆ
ಇಡೀ ಬೀದಿಯೇ ಹೊರಟಿತು ಬಾಸ್ತೀಯ್ ಕಡೆಗೆ.
ಪರದೆಯ ಮೇಲೆ ಅಂಗಡಿ, ಬಾಗಿಲಿಗೆ ಗಂಟೆ,
ಗಲ್ಲಾದ ಹಿಂದೆ ಗುಂಡಿ ಕೊಂಡವನು!
ಗಡ್ಡ ಅಂಟಿಸಿದ್ದು, ಕೆಮ್ಮು ಮಾತ್ರ ಅಸಲಿ:
ದರ ಹೇಳುವ ಮುನ್ನ ಮಾವ ಕೆಮ್ಮುವ ಅರ್ಧ ಕೆಮ್ಮು.
ಉಪ್ಪುಮೀನಿನ ಲೈಬುಶ್ ತೊಡೆ ತಟ್ಟಿಕೊಂಡ,
ಅತ್ತೆಗೆ ನಕ್ಕೂ ನಕ್ಕೂ ಬಿಕ್ಕಳಿಕೆ.
ಮಾವನೂ ನಕ್ಕ. ನಾನು ನೋಡಿದೆ, ನಕ್ಕ.

ಆಮೇಲೆ ಪರದೆಯವನು ಬಟ್ಟೆ ಅಳೆದ.
ಹೆಬ್ಬೆರಳು ಜಾರಿತು,
ಹಿಂದಕ್ಕೆ.
ನಾಲ್ಕು ಬೆರಳು ಕಡಿಮೆ.
ಚಿತ್ರದಲ್ಲೆಲ್ಲ ಅತಿ ದೊಡ್ಡ ನಗೆ ಬಂದದ್ದು ಅಲ್ಲೇ.

ಕತ್ತಲಲ್ಲಿ ಎದ್ದು ನಿಂತ ಮಾವ
ನಮ್ಮ ಯಿಡ್ಡಿಷಿನಲ್ಲೇ ಕೂಗಿದ:
‘ಆ ಕಡೆಗಲ್ಲವೋ, ಈ ಕಡೆಗೆ!’
ಮಾತಾಡುವ ಸಿನಿಮಾ ಇನ್ನೂ ಹೊಸದು.
ಇದೂ ಅದರದೇ ಮಾತೆಂದುಕೊಂಡು
ಮಂದಿ ಮತ್ತೊಮ್ಮೆ ನಕ್ಕರು.

ದಾರಿಯುದ್ದಕ್ಕೂ ಒಂದೇ ಮಾತಾಡಿದ:
‘ಉಣ್ಣೆಯಲ್ಲ ಅದು. ಹತ್ತಿ ಬೆರೆಸಿದ್ದು.’

ಸೋಮವಾರ ಮದಾಂ ತ್ಯುರ್ಪ್ಯಾಂ ಬಂದಳು.
ಹನ್ನೊಂದು ವರ್ಷ ನಮ್ಮಲ್ಲೇ ಕೊಂಡವಳು,
ಅಳೆಯುವಾಗೆಲ್ಲ ಮಗಳ ಮದುವೆ, ಗಂಡನ ಮಂಡಿನೋವು
ಹೇಳುತ್ತ ಕಿಟಕಿಯಾಚೆ ನೋಡುತ್ತಿದ್ದವಳು
ಅಂದು ಕೋಲನ್ನೇ ನೋಡಿದಳು.
ತುಟಿಯಲ್ಲಿ ಸಣ್ಣ ನಗೆ. ಕೇಡಿನದಲ್ಲ.
ಮಾವ ಕೋಲು ಅವಳ ಕೈಗೇ ಕೊಟ್ಟ:
‘ನೀವೇ ಅಳೆಯಿರಿ, ಮದಾಂ.’

ಅಳೆದಳು. ಬಲು ಎಚ್ಚರದಿಂದ.
ಎರಡು ಮೀಟರೆಂದರೆ ಎರಡೇ ಮೀಟರು,
ಒಂದು ಎಳೆ ಹೆಚ್ಚಿಲ್ಲ.
ಆಮೇಲೆ ಬಂದವರಿಗೂ ಕೋಲು ಚಾಚಿದ.
ಬೇಡವೆಂದವರು ಒಬ್ಬಿಬ್ಬರು.

ಶುಕ್ರವಾರ ಅತ್ತೆಯ ಲೆಕ್ಕ
ಮೊದಲ ಬಾರಿ ಚಾಚೂ ತಪ್ಪದೆ ಕೂಡಿ ಬಂತು.
ಅದನ್ನೇ ನೋಡುತ್ತ ಕೂತಳು.
ಮೇಣದ ಬತ್ತಿಗೆ ಹೊತ್ತಾಗುತ್ತಿತ್ತು,
ಪೆನ್ಸಿಲು ಚೂಪು ಮಾಡಿಕೊಂಡು
ಎಲ್ಲಿ ತಪ್ಪಿದೆನೆಂದು
ಮೇಲಿನಿಂದ ಮತ್ತೆ ಕೂಡಿಸತೊಡಗಿದಳು.