ನಿಗರ್ಮಿಸು

ಕಾಫಿ ಕ್ಯೂರಿಂಗ್ ವರ್ಕ್ಸಿನ ಹರಾಜಿನಲ್ಲಿ
ಸಾವಿರದ ನೂರಕ್ಕೆ ಬಂತು ಈ ಪೆಟ್ಟಿಗೆ.
ನೌಫಲ್ ತಿರುಪು ಬಿಚ್ಚಿ ಉಫ್ ಎಂದ:
ಹನ್ನೊಂದು ವರ್ಷದ ಹೊಟ್ಟು
ಅವನ ರೆಪ್ಪೆಯ ಮೇಲೆ, ನನ್ನ ಕಾರ್ಬನ್ ಹಾಳೆಗಳ ಮೇಲೆ.
"ಟೀಚರೇ, ಇದಕ್ಕೆ ಹೊಸ ವಿಂಡೋಸ್ ಆಗುವುದಿಲ್ಲ,
ಏರಿನಲ್ಲಿ ಹಳೇ ಜೀಪಿನ ಹಾಗೆ ನಿಂತುಬಿಡ್ತದೆ.
ಲಿನಕ್ಸ್ ಹಾಕುವ. ಕಾಸಿಲ್ಲ."

ಕಾಸಿಲ್ಲ ಅಂದರೆ ನನಗೆ ಗುಮಾನಿ.
ವಿರಾಜಪೇಟೆ ಕೋರ್ಟಿನೆದುರು ಮೂವತ್ತೊಂದು ವರ್ಷ
ಪುಟಕ್ಕಿಷ್ಟೆಂದು ಟೈಪು ಹೊಡೆದವಳು:
ಜಮ್ಮಾ ಜಮೀನಿನ ತಕರಾರು, ಕೋವಿಯ ವಿನಾಯಿತಿ,
ಆನೆ ತುಳಿದ ಬಾಳೆಗೆ ಪರಿಹಾರ ಕೋರಿ.
"ಬರೆದದ್ದು ಯಾರು?"
"ಯಾರ್ಯಾರೋ. ಬೇಕಾದವರು ತಿದ್ದಬಹುದು."
"ಷರತ್ತಿಲ್ಲದ ಕಾಗದ ಉಂಟೇನೋ?"
"ಒಂದುಂಟು. ತಿದ್ದಿ ಹಂಚಿದರೆ,
ತಿದ್ದಿದ್ದನ್ನು ಬಚ್ಚಿಡಬಾರದು."

ಪೆನ್ ಡ್ರೈವ್ ಕೊಟ್ಟು ಅವನು ಮದುವೆಯೂಟಕ್ಕೆ ಹೋದ.
ಶನಿವಾರ ಸಂಜೆ, ನಾನು, ಅದು.
ಇರುವುದನ್ನೆಲ್ಲ ಅಳಿಸಲೇ? ಎಂದು ಕೇಳಿತು.
ಏನಿತ್ತು ಅದರಲ್ಲಿ?
ಗೋಣಿಚೀಲದ ಲೆಕ್ಕ, ತೇವಾಂಶದ ಪಟ್ಟಿ,
ದುಬಾರೆಯಲ್ಲಿ ಆನೆಯ ಬಾಲ ಹಿಡಿದು
ನಗುವ ಯಾವುದೋ ಮಗುವಿನ ಒಂದೇ ಒಂದು ಫೋಟೋ.
ಸಂತ ಅನ್ನಮ್ಮನ ಗಂಟೆ ಹೊಡೆಯಿತು.
ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಶಿಲುಬೆ ಗುರುತು ಹಾಕಿ
ಹೌದು, ಒತ್ತಿದೆ.

ಮೂವತ್ತೆಂಟು ಶೇಕಡಾದಲ್ಲಿ ಕೂತಿತು.
ಅನ್ನ ಸೀಯಿತು. ಕರೆಂಟು ಹೋಯಿತು. ಬಂತು.
ಮತ್ತೆ ಮೊದಲಿನಿಂದ.

ಸೋಮವಾರ ಧ್ವನಿಯಿಲ್ಲ. ಮಂಗಳವಾರ ಪ್ರಿಂಟರ್ ಇಲ್ಲ.
ಬುಧವಾರ ಕರಿಯ ಪರದೆಯೊಂದು ತೆರೆದು
ಗುಪ್ತಪದ ಕೇಳಿತು. ಹೊಡೆದೆ.
ಏನೂ ಮೂಡಲಿಲ್ಲ, ಒಂದು ಚುಕ್ಕಿ ಕೂಡ.
ಕೀಲಿ ಕೆಟ್ಟಿದೆಯೆಂದು ಇನ್ನೂ ಜೋರಾಗಿ ಹೊಡೆದೆ.
"ತೋರಿಸುವುದಿಲ್ಲ ಟೀಚರೇ, ಆದರೆ ತಗೊಳ್ತದೆ,"
ಅಂದ ನೌಫಲ್ ಫೋನಿನಲ್ಲಿ.
ಟೈಪಿಸ್ಟಿಗೆ ಇದಕ್ಕಿಂತ ಅವಮಾನವುಂಟೇ?

ಭಾಷೆಗಳ ಪಟ್ಟಿಯಲ್ಲಿ ಕನ್ನಡವಿತ್ತು.
ಅರ್ಧ ಮಾತ್ರ, ಉಳಿದದ್ದು ಇಂಗ್ಲಿಷು,
ನಮ್ಮ ವಕೀಲರು ಮಾತಾಡಿದ ಹಾಗೆ.
ಆದರೂ ಕಡತ ಎಂದಿತ್ತು, ಹುಡುಕು ಎಂದಿತ್ತು.
ಅರ್ಜಿ ಎಂದು ಹೊಡೆಯಹೋದೆ, ಜನ್ಮವಿಡೀ ಹೊಡೆದ ಪದ,
ಅಜಿರ್ ಎಂದು ಮೂಡಿತು.
ನನ್ನ ಗೋದ್ರೇಜಿನಲ್ಲಿ ಅರ್ಕಾವೊತ್ತು ಕೊನೆಗೆ,
ಅಕ್ಷರ ಕೂತ ಮೇಲೆ ಅದರ ಮಗ್ಗುಲಿಗೆ.
ಇದಕ್ಕೆ ಮೊದಲೇ ಹೇಳಬೇಕಂತೆ ರ್ ಬರುತ್ತದೆಂದು.
ಕಣ್ಣಿಗೆ ಹಿಂದೆ ಕಂಡದ್ದು ಬೆರಳಿಗೆ ಮುಂದೆ.
ಒಂದು ವಾರ ಕಲಿತೆ. ಅಜಿರ್, ಅಜಿರ್, ಅರ್ಜಿ.

ಮುಚ್ಚಬೇಕೆಂದು ಮೂಲೆಗೆ ಹೋದ ಸಂಜೆ
ಕೊನೆಯ ಸಾಲಿನಲ್ಲಿ ಕಂಡಿತು:
ನಿಗರ್ಮಿಸು.

ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದೆ.
ನಿರ್ಗಮಿಸು ಆಗಬೇಕಿತ್ತು.
ಗ ಹೊಡೆದು, ಆಮೇಲೆ ಅರ್ಕಾವೊತ್ತು ಹೊಡೆದ ಕೈ ಅದು.
ಅಸಡ್ಡೆಯ ತಪ್ಪಲ್ಲ. ಅಭ್ಯಾಸದ ತಪ್ಪು.
ಎಲ್ಲೋ, ಯಾವ ಊರಿನದೋ ಕೋರ್ಟಿನೆದುರು
ಛತ್ರಿಯಡಿ ಕೂತು, ರಿಬ್ಬನ್ನಿನ ಮಸಿ ಬೆರಳಲ್ಲಿ ಉಳಿದು,
ಸಂಬಳವಿಲ್ಲದೆ ರಾತ್ರಿ ಕೂತು
ಈ ಪದಗಳನ್ನು ಒಂದೊಂದಾಗಿ ಹೊಡೆದವರು.
ಅವರೂ ಅಜಿರ್ ದಾಟಿ ಬಂದಿರಬೇಕು.
ಇದೊಂದು ಕಣ್ತಪ್ಪಿ ಉಳಿದಿದೆ.

"ತಿದ್ದಿ ಕಳಿಸಿ ಟೀಚರೇ," ಅಂದ ನೌಫಲ್,
ಎಲ್ಲಿ, ಹೇಗೆ ಎಂದು ತೋರಿಸಿದ.
ಹೊಡೆದೆ. ಬೆರಳು ಹಳೆಯ ದಾರಿ ಹಿಡಿಯಿತು;
ನಾನೂ ನಿಗರ್ಮಿಸು ಎಂದೇ ಬರೆದೆ.
ಇಬ್ಬರೂ ನಕ್ಕೆವು. ಅಳಿಸಿ, ರ್ ಮೊದಲು, ಆಮೇಲೆ ಗ.
ಕಳಿಸುವ ಗುಂಡಿಯ ಮೇಲೆ
ಕೈ ಸ್ವಲ್ಪ ಹೊತ್ತು ಹಾಗೇ ಇತ್ತು.
ತಪ್ಪು ಹೋದರೆ ಆ ಕೈಯ ಗುರುತೂ ಹೋದಂತೆ.
ಆದರೆ ನಾನು ಟೈಪಿಸ್ಟು.
ಕಳಿಸಿದೆ.

ಮುಂದಿನ ಆವೃತ್ತಿಯಲ್ಲಿ ಸರಿಯಾಗಿ ಬರುತ್ತದಂತೆ.
ಪ್ರಿಂಟರ್ ಇನ್ನೂ ಒಲಿದಿಲ್ಲ.
ಗಡಿಯಾರ ಕಂಬ ಆರು ಹೊಡೆದಾಗ
ಗೋದ್ರೇಜಿಗೆ ಮುಸುಕು ಹಾಕಿ,
ಇದರ ಮೂಲೆಗೆ ಹೋಗಿ, ದಿನಾ,
ನಿಗರ್ಮಿಸುತ್ತೇನೆ.